ಪದದ ಹೊಲಿಗೆ, ಮೇಜಿನ ಪೆಟ್ಟು

ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯವರು ಈ ವಸಂತದಲ್ಲಿ ನಿವೃತ್ತರಾದರು. ಕಚೇರಿಯ ಅಡುಗೆಮನೆಯಲ್ಲಿ ಕೇಕು ಕತ್ತರಿಸಿದ್ದಾಯಿತು, ಹೂಗುಚ್ಛ ಕೊಟ್ಟದ್ದಾಯಿತು. ಅದಕ್ಕೂ ಮೊದಲು ದೊಡ್ಡದೊಂದು ಕಾರ್ಡು ಎಲ್ಲರ ಮೇಜಿನ ಮೇಲೂ ಸುತ್ತಾಡಿತ್ತು. ತಲಾ ಎರಡು ಸಾಲು ಬರೆಯಬೇಕು. ಮಿಕ್ಕವರು ಐದು ನಿಮಿಷದಲ್ಲಿ ಬರೆದು ದಾಟಿಸಿದರು. ನಾನು ಅರ್ಧ ದಿನ ಕಾರ್ಡು ಇಟ್ಟುಕೊಂಡು ಕೂತು, ಕೊನೆಗೆ ಆರೋಗ್ಯವಾಗಿರಿ ಎಂಬರ್ಥದ ಒಂದೇ ಸಾಲು ಗೀಚಿ ಕೊಟ್ಟೆ. ಹೇಳಬೇಕಾದದ್ದು ಎರಡು ಸಾಲಿನಲ್ಲಿ ಹಿಡಿಯುವಂಥದ್ದಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಕನ್ನಡ ಬಾರದಿದ್ದರೇನು, ಯಾರ ಕೈಲಾದರೂ ಓದಿಸಿಕೊಂಡು, ತಮ್ಮ ಹೆಸರನ್ನು ಒತ್ತಿ ಹೇಳಬೇಕಾದದ್ದು ಅಲ್ಲಲ್ಲ ಎಂದು ತಿದ್ದಿ ಕಳಿಸುವ ಪೈಕಿ ಅವರು.

ಜರ್ಮನಿಯ ಕಲೋನ್‌ನಲ್ಲಿ ನಾನು ಸೇರಿದ ಕಂಪನಿ ಚಿಕ್ಕದು. ಓದಲು ತಡವರಿಸುವ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಒಂದು ಆ್ಯಪ್ ಮಾಡುತ್ತದೆ. ಪರದೆಯ ಮೇಲೆ ಪದ ಬರುತ್ತದೆ. ಅದರ ಮೊದಲ ತುಂಡು ನೀಲಿ, ಮುಂದಿನದು ಕೆಂಪು, ಮತ್ತೆ ನೀಲಿ. ಯಂತ್ರದ ದನಿ ಮೊದಲು ತುಂಡು ತುಂಡಾಗಿ ಓದುತ್ತದೆ, ಆಮೇಲೆ ಇಡೀ ಪದವನ್ನು ಒಂದೇ ಉಸಿರಿನಲ್ಲಿ. ಯಾವ ತುಂಡನ್ನು ಒತ್ತಿ ಹೇಳಬೇಕೋ ಅದರ ಕೆಳಗೆ ಒಂದು ಚುಕ್ಕೆ. ಜರ್ಮನ್ ಆವೃತ್ತಿ ಮೊದಲೇ ಇತ್ತು. ಗಡಿಯಾಚೆಯ ಶಾಲೆಗಳಿಗಾಗಿ ಡಚ್ ಆವೃತ್ತಿ ತಯಾರಾಗುತ್ತಿದ್ದಾಗ ನಾನು ಬಂದೆ. ಡಚ್ಚರೂ ಜರ್ಮನರ ಹಾಗೆಯೇ, ಎರಡು ಮೂರು ಪದಗಳನ್ನು ಜಾಗ ಬಿಡದೆ ಒಂದಕ್ಕೊಂದು ಅಂಟಿಸಿ ಹೊಸ ಪದ ಮಾಡಿಬಿಡುತ್ತಾರೆ. ಅಂಥದ್ದು ಎದುರಾದರೆ ಯಂತ್ರ ಎಡವುತ್ತದೆ. ಎಡವಿದ್ದನ್ನು ಹಿಡಿಯುವುದು, ನಿವೃತ್ತರಾದರು ಎಂದೆನಲ್ಲ, ಅವರ ಕೆಲಸ. ಪ್ರೋಗ್ರಾಮು ತಿದ್ದುವವನು ತಪ್ಪನ್ನು ತಾನೂ ಕಿವಿಯಾರೆ ಕೇಳಬೇಕು ಎಂಬುದು ನಮ್ಮ ಮ್ಯಾನೇಜರ್ ವಾದವಾದ್ದರಿಂದ ನಾನು ಅವರ ಪಕ್ಕದ ಕುರ್ಚಿಗೆ ಬಿದ್ದೆ.

ಅವರು ಡಚ್ ಹೆಂಗಸು. ಊರಿನಲ್ಲಿ ಒಂದನೇ ಕ್ಲಾಸಿನ ಟೀಚರಾಗಿದ್ದವರು, ಕಲೋನ್‌ನವರನ್ನು ಮದುವೆಯಾಗಿ ಈಚೆ ಬಂದು, ಇಲ್ಲೇ ನರೆತವರು. ಬಾಗಿಲಿನ ಚೌಕಟ್ಟಿಗೆ ತಲೆ ತಗುಲೀತು ಎನ್ನಿಸುವಷ್ಟು ಎತ್ತರ. ಮಳೆಯಿರಲಿ, ಮಂಜಿರಲಿ, ಸೈಕಲ್ಲೇ. ಮಧ್ಯಾಹ್ನ ಹನ್ನೆರಡಕ್ಕೆ ಡಬ್ಬಿ ತೆಗೆದು ಚೀಸಿನ ಬ್ರೆಡ್ಡು ತಿನ್ನುವರು. ಬೇರೇನನ್ನಾದರೂ ತಿಂದದ್ದನ್ನು ನಾನು ಕಂಡಿಲ್ಲ. ಮಾತು ಮುಗಿಯಿತು ಎಂದರೆ ಎರಡೂ ಕೈಯಿಂದ ತೊಡೆ ತಟ್ಟಿ "ಝೋ" ಎಂದು ಎದ್ದುಬಿಡುವರು. ಅದಾದ ಮೇಲೆ ಯಾರು ಏನು ಹೇಳಿದರೂ ಅವರ ಲೆಕ್ಕಕ್ಕಿಲ್ಲ.

ನೇರ ಮಾತು. ನಾನು ಸೇರಿದ ಎರಡನೇ ದಿನ ನನ್ನ ಜಾಕೆಟ್ಟು ಮುಟ್ಟಿ ನೋಡಿ, ಇದರಲ್ಲಿ ನವೆಂಬರ್ ಕಳೆಯುವುದಿಲ್ಲ, ಸತ್ತು ಹೋಗುತ್ತೀಯ ಎಂದರು. ಹಾಗೆಂದವರೇ ಮರುದಿನ ತಮ್ಮ ಗಂಡನ ಹಳೆಯ ಕೋಟು ತಂದು ಕುರ್ಚಿಗೆ ನೇತುಹಾಕಿದ್ದರು. ನನ್ನ ಹೆಂಡತಿಯ ಹುಟ್ಟುಹಬ್ಬ ಎಂದು ಮೈಸೂರ್‌ಪಾಕು ಒಯ್ದಾಗ ಎದ್ದು ಬಂದು ನನ್ನ ಕೈ ಕುಲುಕಿ ಅಭಿನಂದನೆ ಹೇಳಿದರು. ಹುಟ್ಟುಹಬ್ಬ ನನ್ನದಲ್ಲವಲ್ಲ ಎಂದು ಪೆಚ್ಚಾಗಿ ನಿಂತೆ. ಅವರ ಕಡೆ ಹುಟ್ಟುಹಬ್ಬದ ದಿನ ಗಂಡನಿಗೂ ಅಭಿನಂದನೆ, ಅಕ್ಕನಿಗೂ ಅಭಿನಂದನೆ, ಪಕ್ಕದ ಮನೆಯವರು ಬಂದಿದ್ದರೆ ಅವರಿಗೂ ಅಭಿನಂದನೆಯಂತೆ. ಮೈಸೂರ್‌ಪಾಕು ಒಂದೇ ತುಂಡು ತೆಗೆದುಕೊಂಡು, ಡಬ್ಬಿಯ ಮುಚ್ಚಳವನ್ನು ತಾವೇ ಹಾಕಿದರು. ಇನ್ನೊಂದು ತೊಗೊಳ್ಳಿ ಎಂದು ಮೂರು ಸಲ ಒತ್ತಾಯಿಸಿದ ನನ್ನನ್ನು ವಿಚಿತ್ರ ಪ್ರಾಣಿಯ ಹಾಗೆ ನೋಡಿದರು.

ಆ ಕಚೇರಿಯಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ಮೇಡಂ ಎಂದರೆ ಅಲ್ಲಿ ನಗುತ್ತಾರೆ. ಹಾಗಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಏನಾದರೂ ಕೇಳಬೇಕಾದರೆ ಅವರ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ ಕೆಮ್ಮುವುದು. ಊರಿನಲ್ಲಿ ಇಷ್ಟು ಸಾಕು, ಯಾರಾದರೂ ತಿರುಗಿ ಏನಪ್ಪಾ ಎನ್ನುತ್ತಾರೆ. ಇವರು ತಿರುಗುತ್ತಿರಲಿಲ್ಲ. ಮತ್ತೆ ಕೆಮ್ಮುತ್ತಿದ್ದೆ. ಊಹೂಂ. ಹೆಸರು ಹಿಡಿದು ಕರೆಯುವುದನ್ನು ಕಲಿಯಲಿ ಎಂದು ಬೇಕೆಂದೇ ಪಾಠ ಕಲಿಸುತ್ತಿದ್ದಾರೆ ಎಂದುಕೊಂಡು, ಅವರ ಕಣ್ಣಿಗೆ ಬೀಳುವ ಹಾಗೆ ಮೇಜು ಸುತ್ತಿ ಎದುರಿಗೆ ಹೋಗಿ ನಿಲ್ಲುತ್ತಿದ್ದೆ. ಆಗ ಮಾತ್ರ ಮುಖವರಳಿಸಿ, ಯಾವಾಗ ಬಂದೆ ಎನ್ನುವರು. ಎಂಥ ನಾಟಕ ಎಂದು ನಾನು ಒಳಗೊಳಗೇ ಹೊಗೆಯಾಡುತ್ತಿದ್ದೆ.

ಕೆಲಸಕ್ಕೆ ಕೂತರೆ ಮಾತ್ರ ಅವರ ರೀತಿಯೇ ಬೇರೆ. ಪಟ್ಟಿಯನ್ನು ಕಣ್ಣಲ್ಲಿ ಓದಿ ಸರಿ ಹಾಕಲು ಬಿಡುತ್ತಿರಲಿಲ್ಲ. ಪ್ರತಿ ಪದವನ್ನೂ ಯಂತ್ರ ಹೇಳಬೇಕು, ನಾವಿಬ್ಬರೂ ಕೇಳಬೇಕು. ಯಂತ್ರದ ಹಿಂದೆಯೇ ನಾನೂ ಆ ಪದ ಹೇಳಿ ನೋಡಿದರೆ, ಚೆನ್ನಾಗಿದೆ ಎನ್ನುವರು. ಮೊದಲು ಹೊಲಿಗೆ ಹುಡುಕು ಎನ್ನುವರು. ಎರಡು ಪದ ಎಲ್ಲಿ ಕೂಡಿವೆಯೋ ಅದು ಅವರ ಬಾಯಲ್ಲಿ ಹೊಲಿಗೆ. ಉದಾಹರಣೆಗೆ ಮನೆ ಡಾಕ್ಟರಿಗೆ ಡಚ್ಚಿನಲ್ಲಿ 'ಹಾಯ್ಸ್‌ಆರ್ಟ್ಸ್'. ಮೊದಲ ಪದದ ಕೊನೆಯ ಸಕಾರ ಅಲ್ಲೇ ಉಳಿಯಬೇಕು. ನಮ್ಮ ಬಾಯಿಗೆ ಬಿಟ್ಟರೆ ಸಂಧಿ ಮಾಡಿ 'ಹಾಯ್‌ಸಾರ್ಟ್ಸ್' ಮಾಡಿಬಿಡುತ್ತೇವೆ. ನಾನು ಬರೆದ ಪ್ರೋಗ್ರಾಮೂ ಮೊದಲ ವಾರ ಥೇಟ್ ಅದನ್ನೇ ಮಾಡಿತ್ತು. ಅವರು ಅದನ್ನು ಪರದೆಯ ಮೇಲೆ ನೋಡಿ, ಅಂಗಿಯನ್ನು ಹೊಲಿಗೆಯಲ್ಲಿ ಬಿಚ್ಚಬೇಕೇ ಹೊರತು ಬಟ್ಟೆಯ ನಡುವೆ ಹರಿಯಬಾರದು ಎಂದರು. ಹೊಲಿಗೆ ಸಿಕ್ಕ ಮೇಲೆ ಎರಡು ಭಾಗಗಳನ್ನೂ ಬೇರೆ ಬೇರೆ ತುಂಡು ಮಾಡುವುದು. ಕೊನೆಗೆ ಒತ್ತು.

ಒತ್ತಿನ ಸರದಿ ಬಂದಾಗ ಅವರು ಎಡಗೈಯನ್ನು ಸ್ಪೀಕರಿನ ಮೇಲಿಟ್ಟು, ಬಲಗೈಯಿಂದ ಮೇಜಿನ ಮೇಲೆ ಪೆಟ್ಟು ಹಾಕುವರು. ಒಂದು ಗಟ್ಟಿ ಪೆಟ್ಟು, ಮಿಕ್ಕವು ಮೆಲ್ಲಗೆ. ಕೂಡುಪದದಲ್ಲಿ ಸಾಮಾನ್ಯವಾಗಿ ಮೊದಲ ಭಾಗಕ್ಕೇ ಗಟ್ಟಿ ಪೆಟ್ಟು. ಆಸ್ಪತ್ರೆಗೆ 'ಝೀಕನ್‌ಹಾಯ್ಸ್', ಅಂದರೆ ರೋಗಿಗಳ ಮನೆ, ಪೆಟ್ಟು ರೋಗಿಗೆ. ಆದರೆ ನಗರಸಭೆಯ ಕಟ್ಟಡ 'ಸ್ಟಾಟ್‌ಹಾಯ್ಸ್' ಬಂದರೆ ಪೆಟ್ಟು ಹಿಂದಕ್ಕೆ ಹೋಗುತ್ತದೆ. ಮೇಯರ್ 'ಬರ್ಗೆಮೇಸ್ಟರ್' ಬಂದರೂ ಹಾಗೇ. ಇದ್ಯಾಕೆ ಎಂದು ಕೇಳಿದೆ. ಕಟ್ಟಡವೂ ನಿಯಮ ಪಾಲಿಸುವುದಿಲ್ಲ, ಒಳಗೆ ಕೂತವನೂ ಪಾಲಿಸುವುದಿಲ್ಲ, ನಿಮ್ಮ ಊರಿನಲ್ಲಿ ಪಾಲಿಸುತ್ತಾರೇನು ಎಂದರು.

ಈಗ ನನ್ನ ಗುಟ್ಟು ಹೇಳಬೇಕು. ಯಂತ್ರ ಹೇಳಿದ ಪದದಲ್ಲಿ ಗಟ್ಟಿ ಪೆಟ್ಟು ಎಲ್ಲಿ ಬಿತ್ತು ಎಂಬುದು ನನಗೆ ಕೇಳಿಸುತ್ತಲೇ ಇರಲಿಲ್ಲ. ಕಿವಿ ಸರಿಯಾಗಿಯೇ ಇತ್ತು. ಯಾವ ವ್ಯಂಜನ ಎಲ್ಲಿ ಮುಗಿಯಿತು, ಸಕಾರ ಈಚೆಯದೋ ಆಚೆಯದೋ, ಎಲ್ಲ ಗೊತ್ತಾಗುತ್ತಿತ್ತು. ಒತ್ತು ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಸಮನಾಗಿ ಬಡಿಸಿಕೊಂಡು ಬೆಳೆದ ಕಿವಿ ಅದು. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ ನೆನಪಾಗಿ, ಡಚ್ ಪದಗಳಿಗೂ ಗುರು ಲಘು ಹಾಕಿ ನೋಡಿದೆ. ಗುರು ಇದ್ದಲ್ಲಿ ಒತ್ತು ಇರಬಹುದು ಎಂದು ನನ್ನ ಅಂದಾಜು. ಫುಟ್‌ಬಾಲ್ ಪಂದ್ಯಕ್ಕೆ 'ಫೂಟ್‌ಬಾಲ್‌ವೆಟ್‌ಸ್ಟ್ರೈಟ್' ಎನ್ನುತ್ತಾರೆ. ಪ್ರಸ್ತಾರ ಹಾಕಿದರೆ ನಾಲ್ಕಕ್ಕೆ ನಾಲ್ಕೂ ಗುರು, ಶಿಷ್ಯ ಒಬ್ಬನೂ ಇಲ್ಲ. ಕಾಗದ ಮಡಚಿ ಒಳಗಿಟ್ಟೆ.

ಅವರು ಪ್ರತಿ ಪದಕ್ಕೂ, ಕೇಳಿಸಿತಾ ಎಂದು ಕೇಳುವರು. ನಾನು ಹೌದು ಎಂದು ತಲೆಯಾಡಿಸಿ, ಅವರ ಕೈಯ ಪೆಟ್ಟು ನೋಡಿ ಚುಕ್ಕೆ ಹಾಕುತ್ತಿದ್ದೆ. ಗೊತ್ತಾಗಲಿಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಕಾರಣವೂ ಇತ್ತು. ಪ್ರೋಬೆಟ್ಸೈಟ್, ಅಂದರೆ ಕೆಲಸಗಾರನನ್ನು ಆರು ತಿಂಗಳು ಪರೀಕ್ಷೆಗಿಡುವ ಅವಧಿ, ಇನ್ನೂ ಮುಗಿದಿರಲಿಲ್ಲ. ಅಷ್ಟರೊಳಗೆ ಬೇಡವೆಂದರೆ ಸಾಕು, ನಡಿ ಎನ್ನಬಹುದು. ಕೆಲಸ ಹೋದರೆ ವೀಸಾದ ತಾಪತ್ರಯ. ಮೈಸೂರಿನಲ್ಲಿ ಟೀಚರ್ ಕೆಲಸ ಬಿಟ್ಟು ನನ್ನ ಜೊತೆ ಬಂದಿದ್ದ ಹೆಂಡತಿ ಆಗಷ್ಟೇ ಜರ್ಮನ್ ಕ್ಲಾಸಿಗೆ ಸೇರಿದ್ದಳು. ಅವಳ ಮುಂದೆ ಒಂದು ದಿನ ಎಲ್ಲ ಹೇಳಿಕೊಂಡೆ.

ಅವಳು ಚಪಾತಿ ಲಟ್ಟಿಸುತ್ತಲೇ ಹೇಳಿದಳು, "ರೀ, ನಮ್ಮ ಸ್ಕೂಲಲ್ಲಿ ಪಾಠ ಅರ್ಥ ಆಗ್ದೇ ಇರೋ ಮಕ್ಕಳೇ ಜಾಸ್ತಿ ತಲೆ ಆಡಿಸೋದು. ಅವರೂ ಟೀಚರ್ ಆಗಿದ್ದೋರು ಅಂತೀರ. ಗೊತ್ತಾಗಿರುತ್ತೆ. ಹೋಗಿ ನೀವೇ ಹೇಳಿಬಿಡಿ."

ಗೊತ್ತಾಗಿದೆ ಎಂದೇ ನನಗೂ ಅನುಮಾನ. ಯಾಕೆಂದರೆ ಅವರು ಹೊಲಿಗೆಯ ವಿಷಯದಲ್ಲಿ ನನ್ನ ಪ್ರಾಣ ತಿನ್ನುತ್ತಿದ್ದರು. ಸೈಕಲ್ಲಿನ ಚೀಲಕ್ಕೆ 'ಫೀಟ್ಸ್‌ಟಾಸ್'. ಯಂತ್ರ ಸಕಾರವನ್ನು ಈಚೆ ಹೇಳಿತೋ ಆಚೆ ಹೇಳಿತೋ ಎಂದು ಕೇಳುವರು. ಈಚೆ ಎಂದರೆ, ಖಂಡಿತವಾ, ಇನ್ನೊಮ್ಮೆ ಕೇಳಿ ಹೇಳು ಎನ್ನುವರು. ಕೈಗವಸಿಗೆ 'ಹಾಂಡ್‌ಸ್ಖೂನ್'. ಅಲ್ಲೂ ಅದೇ ತನಿಖೆ. ದಿನಕ್ಕೆ ನೂರು ಸಲ ಈ ಪರೀಕ್ಷೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ನನ್ನ ಕಿವಿಯ ಮೇಲೆ ನಂಬಿಕೆಯಿಲ್ಲದೆ ಹೀಗೆ ಒರೆಗೆ ಹಚ್ಚುತ್ತಿದ್ದಾರೆ ಎಂದು ನಾನು ಬೆವರುತ್ತಿದ್ದೆ.

ಐದನೇ ತಿಂಗಳ ಕೊನೆಗೆ ಮ್ಯಾನೇಜರ್ ಹೊಸ ಯೋಜನೆ ತಂದ. ಇಬ್ಬರು ಒಂದೇ ಪಟ್ಟಿಗೆ ಕೂತರೆ ನಿಧಾನ. ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಮುಂದಿನ ಮಂಗಳವಾರ ನನ್ನ ಪ್ರೋಬೆಟ್ಸೈಟ್ ಮಾತುಕತೆ ಇತ್ತು. ಅಲ್ಲೇ ಹತ್ತು ಹನ್ನೆರಡು ಪದ ಕೇಳಿಸುತ್ತೇನೆ, ನೀನೊಬ್ಬನೇ ಗುರುತು ಹಾಕು ಎಂದ. ಶುಕ್ರವಾರ ಸಂಜೆ ಅವರು ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತೆ. ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಸೈಕಲ್ಲಿನ ಚಕ್ರ ನೋಡುತ್ತ, ನನಗೆ ಒತ್ತು ಕೇಳಿಸುವುದಿಲ್ಲ, ಮೊದಲಿಂದಲೂ ಕೇಳಿಸಿಲ್ಲ, ನಿಮ್ಮ ಕೈ ನೋಡಿ ಬರೆಯುತ್ತಿದ್ದೆ, ಕ್ಷಮಿಸಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಸರಿ ಸರಿ ಎಂದು ನಕ್ಕು, ಬೀಗವನ್ನು ಚೀಲಕ್ಕೆ ಹಾಕಿ, ಸೋಮವಾರ ಸಿಗೋಣ ಎಂದು ಹೊರಟರು. ಇಷ್ಟೇನಾ ಎನ್ನಿಸಿತು. ಎಂಥ ದೊಡ್ಡ ಮನಸ್ಸು ಎಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಂಡಾಡಿದೆ.

ಮಂಗಳವಾರ ಚಿಕ್ಕ ಕೋಣೆಯಲ್ಲಿ ಮೂವರೇ ಕೂತೆವು. ಮ್ಯಾನೇಜರ್ ಹನ್ನೆರಡು ಪದ ಕೇಳಿಸಿದ. ನನ್ನ ಉತ್ತರ ನೋಡಿ ಅವನ ಹುಬ್ಬು ಮೇಲೇರಿತು. ಹೊಲಿಗೆ ಹನ್ನೆರಡೂ ಸರಿ. ಒತ್ತು ಏಳು ಕಡೆ ತಪ್ಪು. ಅವನು ಅವರ ಕಡೆ ತಿರುಗಿ, ಇವನ ಕಿವಿ ಚುರುಕು ಎಂದು ನೀವು ವರದಿ ಬರೆದಿದ್ದೀರಲ್ಲ, ಇದು ನಿಮಗೆ ತಿಳಿದಿರಲಿಲ್ಲವೇ ಎಂದು ಕೇಳಿದ. ಅವರು ಇಲ್ಲ ಎಂದರು. ತಪ್ಪು ಅವರ ತಲೆಗೆ ಬರುತ್ತದಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ನಾನು ಶುಕ್ರವಾರವೇ ಎಲ್ಲ ಹೇಳಿದ್ದೆ, ಮುಚ್ಚಿಟ್ಟಿದ್ದು ನಾನು, ಅವರಲ್ಲ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಎಡವಟ್ಟು ಹೊಳೆಯಿತು. ಗೊತ್ತಿದ್ದೂ ಗೊತ್ತಿಲ್ಲ ಎಂದರು ಎಂದು ನಾನೇ ಅವರ ಮೇಲೆ ಸುಳ್ಳಿನ ಆರೋಪ ಹೊರಿಸಿದ ಹಾಗಾಗಿತ್ತು.

"ಯಾವಾಗ ಹೇಳಿದೆ?" ಎಂದು ಅವರು ನನ್ನನ್ನೇ ಕೇಳಿದರು.

"ಸೈಕಲ್ ನಿಲ್ಲಿಸೋ ಜಾಗದಲ್ಲಿ. ನೀವು ಸರಿ ಸರಿ ಅಂದ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ ಕೆಂಪಾಗಿತ್ತು. ಅಷ್ಟು ಎತ್ತರದ ಹೆಂಗಸು ಕುರ್ಚಿಯಲ್ಲಿ ಮುದುಡಿಕೊಂಡು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಝೋ ಎಂದು ಎದ್ದು ಹೋಗಿಬಿಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಹಾಗಾದ್ರೆ ಇವನು ಹೇಳಿರಬೇಕು," ಎಂದರು ಮ್ಯಾನೇಜರಿಗೆ. "ನನಗೆ ಕೇಳಿಸಲಿಲ್ಲ. ಎದುರಿಗಿರೋರ ಬಾಯಿ ಕಾಣದಿದ್ರೆ ನನಗೆ ಮಾತು ಗೊತ್ತಾಗಲ್ಲ. ಎರಡು ವರ್ಷ ಆಯ್ತು."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ವಯಸ್ಸಾದಂತೆ ಮೊದಲು ಹೋಗುವುದು ಸಣ್ಣ ಸದ್ದುಗಳಂತೆ. ಸಕಾರ, ಟಕಾರ, ಫಕಾರಗಳು ಅವರ ಕಿವಿಯಿಂದ ಒಂದೊಂದಾಗಿ ಜಾರಿ ಹೋಗಿದ್ದವು. ದಪ್ಪ ಸದ್ದು ಉಳಿದಿತ್ತು. ಅದನ್ನೂ ಸ್ಪೀಕರಿನ ಮೇಲೆ ಕೈಯಿಟ್ಟು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಕಿವಿಯೇ ಕಸುಬಾದವಳು ಕಿವುಡಿ ಎಂದು ಗೊತ್ತಾದರೆ ಮನೆಗೆ ಕಳಿಸುತ್ತೀರಿ ಎಂದು ಹೆದರಿ ಗಂಡನಿಗೂ ಹೇಳಿರಲಿಲ್ಲವಂತೆ. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಐದು ತಿಂಗಳು ನನ್ನನ್ನು ಬೆವರಿಳಿಸಿದ ಆ ಪ್ರಶ್ನೆಗಳು ಪರೀಕ್ಷೆಯೇ ಆಗಿರಲಿಲ್ಲ. ಸಕಾರ ಈಚೆಯೋ ಆಚೆಯೋ ಎಂಬುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಕೆಮ್ಮೂ ಅವರನ್ನು ಮುಟ್ಟಿರಲಿಲ್ಲ. ಆ ಹೆಂಗಸಿನ ಬಗ್ಗೆ ನಾನು ಒಳಗೊಳಗೇ ಆಡಿಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಹೊಲಿಗೆ ಇವನು ಕೇಳ್ತಾನೆ, ಪೆಟ್ಟು ನಾನು ಕೇಳ್ತೀನಿ," ಎಂದರು ಕೊನೆಗೆ. "ನಾವು ಮಾಡಿ ಕಳಿಸಿದ ಪಟ್ಟಿಗಳನ್ನ ತೆಗೆದು ನೋಡು. ಬೇರೆ ಬೇರೆ ಕೂರಿಸಿದ್ರೆ ಇಬ್ಬರೂ ಕೆಲಸಕ್ಕೆ ಬಾರದೋರು. ಕಳಿಸೋದಾದ್ರೆ ಇಬ್ಬರನ್ನೂ ಕಳಿಸು."

ಮ್ಯಾನೇಜರ್ ಕಂಪ್ಯೂಟರ್ ತೆರೆದು, ಪ್ರಯೋಗಕ್ಕೆ ಕೊಟ್ಟಿದ್ದ ಶಾಲೆಗಳಿಂದ ಬಂದ ದೂರುಗಳನ್ನು ನೋಡತೊಡಗಿದ. ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಗುಂಡಿ ಚಿಕ್ಕದಾಯಿತು, ಇಂಥವೇ ಇದ್ದವು. ತುಂಡಿನ ಬಗ್ಗೆಯಾಗಲಿ ಒತ್ತಿನ ಬಗ್ಗೆಯಾಗಲಿ ಒಂದೂ ಇರಲಿಲ್ಲ. ಅವನು ಕಂಪ್ಯೂಟರ್ ಮುಚ್ಚಿ, ಹಾಗಾದರೆ ಪಟ್ಟಿ ಹಂಚುವುದು ಬೇಡ, ಕುರ್ಚಿಗಳು ಇದ್ದಲ್ಲೇ ಇರಲಿ ಎಂದ. ನನ್ನ ಪ್ರೋಬೆಟ್ಸೈಟ್ ಮುಗಿಯಿತೆಂಬ ಕಾಗದ ಆ ವಾರವೇ ಕೊಡುತ್ತೇನೆ ಎಂದ. ಅವರಿಗೆ, ಈ ದೇಶದಲ್ಲಿ ಕಿವಿ ಮೆಷಿನ್ ಹಾಕಿಕೊಂಡವರು ಬೇಕಾದಷ್ಟು ಜನ ಕೆಲಸ ಮಾಡುತ್ತಾರೆ, ಎರಡು ವರ್ಷ ಯಾಕೆ ಒದ್ದಾಡಿದಿರಿ ಎಂದು ಕೇಳಿದ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಎದ್ದರು. ಹೊರಗೆ ಬಂದ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ಕಾರಿಡಾರಿನಲ್ಲೇ ನಿಂತು ಹೆಂಡತಿಗೆ ಫೋನು ಮಾಡಿದೆ. ಅವಳು ಕ್ಲಾಸಿನಿಂದ ಓಡಿ ಬಂದು ಎತ್ತಿಕೊಂಡು, ಕೆಲಸ ಉಳಿಯಿತು ಎಂಬ ಮಾತು ಕೇಳಿ ಅತ್ತುಬಿಟ್ಟಳು.

ಅವರೂ ಹಗುರಾಗಿದ್ದರು. ಆ ಮಧ್ಯಾಹ್ನ ಯಾರು ಮಾತಾಡಿಸಿದರೂ, ಈ ಕಡೆ ತಿರುಗಿ ಹೇಳು, ಇನ್ನೊಮ್ಮೆ ಹೇಳು, ಗಟ್ಟಿಯಾಗಿ ಹೇಳು ಎಂದು ಎಲ್ಲರನ್ನೂ ಗೋಳುಹೊಯ್ದುಕೊಂಡರು. ಎರಡು ವರ್ಷದ ಬಾಕಿಯನ್ನು ಒಂದೇ ದಿನದಲ್ಲಿ ತೀರಿಸಿಕೊಳ್ಳುವ ಹುರುಪು. ಹೊರಡುವಾಗ ನನ್ನ ಬಳಿ ಬಂದು, ಶನಿವಾರ ಕಿವಿ ಮೆಷಿನ್ ಅಂಗಡಿಗೆ ಹೋಗುತ್ತೇನೆ, ನೀನೂ ಬಾ ಎಂದರು. ಗಂಡ ಬರುವುದಿಲ್ಲವೇ ಎಂದೆ. ಅವನ ಮುಂದೆ ಹೆದರಿಕೊಂಡರೆ ಆಯುಷ್ಯಪೂರ್ತಿ ಆಡಿಕೊಳ್ಳುತ್ತಾನೆ ಎಂದರು.

ಅಂಗಡಿ ಪುಟ್ಟದು. ಗಾಜಿನ ಕೋಣೆಯಲ್ಲಿ ಪರೀಕ್ಷೆ ಮುಗಿಸಿದ ಮೇಲೆ ಅಂಗಡಿಯವನು ಎರಡೂ ಕಿವಿಗೆ ಮೆಷಿನ್ ಸಿಕ್ಕಿಸಿ ಸದ್ದು ಹೊಂದಿಸಿದ. ಅವರು ಕೈಯಾಡಿಸಿದಾಗ ಮಳೆಕೋಟಿನ ತೋಳು ಸರಬರ ಎಂದಿತು. ಬೆಚ್ಚಿ ಅದನ್ನೇ ನೋಡಿದರು. ಮತ್ತೆ ಬೇಕೆಂದೇ ತೋಳು ಉಜ್ಜಿದರು. ಸಕಾರ ಬಂತು ಎಂದರು ಮೆಲ್ಲಗೆ, ಯಾರಿಗೋ ಎಂಬಂತೆ. ಕಣ್ಣು ತುಂಬಿತ್ತು. ಅದನ್ನು ನಾನು ನೋಡಿದೆ ಎಂದು ಗೊತ್ತಾದ ತಕ್ಷಣ ದನಿ ಗಡುಸು ಮಾಡಿ, ಸುಮ್ಮನೆ ಯಾಕೆ ನಿಂತೆ, ಏನಾದರೂ ಹೇಳು ಎಂದರು.

ನಾನು ನೆಟ್ಟಗೆ ನಿಂತು, ಕಲಿತದ್ದನ್ನೆಲ್ಲ ಕೂಡಿಸಿ, ಫುಟ್‌ಬಾಲ್ ಪಂದ್ಯದ ಆ ಉದ್ದನೆಯ ಪದವನ್ನು ಡಚ್ಚಿನಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹೇಳಿದೆ.

"ನೀನು ಮೊದಲಿಂದ ಹೀಗೇ ಮಾತಾಡ್ತಿದ್ದೆಯಾ?"

"ಹೌದು."

"ನಾನು ಚೆನ್ನಾಗಿದೆ ಅಂತಿದ್ದೆನಾ?"

"ದಿನಾ ಅಂತಿದ್ರಿ. ಅದನ್ನೇ ನಂಬಿಕೊಂಡು ಮನೇಲೂ ಹೇಳ್ಕೊಂಡಿದ್ದೀನಿ."

ಅವರು ಒಂದು ಕ್ಷಣ ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. ಕುರ್ಚಿಯ ಕೈ ಹಿಡಿದು ಬಾಗಿ ಬಾಗಿ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮತ್ತೆ ನನ್ನ ಮುಖ ನೋಡಿ ಮತ್ತೆ ನಕ್ಕರು. ನನಗೂ ತಡೆಯಲಾಗಲಿಲ್ಲ. ಅಂಗಡಿಯವನು ಗಾಬರಿಯಾಗಿ ಓಡಿ ಬಂದು, ತುಂಬ ಜೋರಾಗಿ ಕೇಳಿಸುತ್ತಿದೆಯೇ, ಸದ್ದು ಕಡಿಮೆ ಮಾಡಲೇ ಎಂದು ಕೇಳಿದ.

ಬೇಡ, ಇಷ್ಟೇ ಇರಲಿ, ಇವನು ಇನ್ನೂ ಮಾತಾಡಲಿ ಎಂದರು.